ತಾವರೆಯೂ ನೈದಿಲೆಯೂ

ಈಜಿಪ್ಟಿನ ದೊರೆ ತುತಂಖಾಮನ್ನನ ಸಮಾಧಿಯನ್ನು 1922ರಲ್ಲಿ ಹೊವಾರ್ಡ್ ಕಾರ್ಟರ್ ಕಂಡುಹಿಡಿದಾಗ, ಅಲ್ಲಿ ದೊರೆತ ವಸ್ತುಗಳಲ್ಲಿ ಬಣ್ಣ ಬಳಿದ ಮರದ ಶಿರಸ್ಸೊಂದಿತ್ತು. ಅರಳಿದ ಹೂವಿನ ನಡುವಿನಿಂದ ಬಾಲರಾಜನ ಮುಖವು ಮೇಲೆದ್ದು ಬರುತ್ತಿದೆ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಈ ಕೃತಿಯ ಚಿತ್ರವನ್ನು ಕಂಡ ಭಾರತೀಯನಿಗೆ ವಿಷ್ಣುವಿನ ನಾಭಿಕಮಲದಲ್ಲಿ ಕುಳಿತ ಚತುರ್ಮುಖನು ಒಡನೆಯೇ ನೆನಪಾಗುತ್ತಾನೆ. ಹಾಗಾದರೆ ಎರಡು ನಾಡಿನವರೂ ಪೂಜಿಸಿದುದು ಒಂದೇ ಹೂವನ್ನೆ?

ಆಂಗ್ಲರು ಎರಡನ್ನೂ ‘ಲೋಟಸ್’ ಎಂದು ಕರೆದು ನಮ್ಮನ್ನು ಭ್ರಮೆಗೊಳಿಸಿದ್ದಾರೆ. ಕನ್ನಡಕ್ಕೆ ಆ ಬಡತನವಿಲ್ಲ. ನಮ್ಮಲ್ಲಿ ತಾವರೆ ಬೇರೆ, ನೈದಿಲೆ ಬೇರೆ. ತಾವರೆಯ ಎಲೆ ಕೊಡೆಯಂತೆ ಇಡಿಯಾಗಿ ದುಂಡಗಿದ್ದು, ಅದರ ದಂಟು ನಡುವಿಗೆ ಸೇರುತ್ತದೆ. ನೈದಿಲೆಯ ಎಲೆ ಒಂದು ಕಡೆ ಸೀಳಿರುತ್ತದೆ. ಪುರಾತನ ಈಜಿಪ್ಟಿನ ಪವಿತ್ರ ಪುಷ್ಪ ನೈದಿಲೆಯೇ. ನಿಜವಾದ ತಾವರೆ ನೈಲ್ ನದಿಯ ತೀರಕ್ಕೆ ಬಂದುದು ಬಹು ತಡವಾಗಿ, ಪಾರಸಿಕರ ಆಳ್ವಿಕೆಯ ಸುಮಾರಿಗೆ. ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹಿರೊಡೋಟಸನು ಎರಡನ್ನೂ ವರ್ಣಿಸಿದ್ದಾನೆ: ಒಂದರ ಬೀಜವನ್ನು ಕುಟ್ಟಿ ಜನರು ರೊಟ್ಟಿ ಸುಡುತ್ತಿದ್ದರು, ಗುಲಾಬಿಯನ್ನು ಹೋಲುವ ಇನ್ನೊಂದರ ಕಾಯಿ ಕಣಜದ ಗೂಡಿನಂತಿತ್ತು.

ಈಜಿಪ್ಟಿನವರು ಕಂಡುದು ಹೂವಿನ ದಿನಚರಿಯನ್ನು. ಅಲ್ಲಿಯ ನೀಲ ನೈದಿಲೆ ಬೆಳಗ್ಗೆ ಅರಳಿ ಮಧ್ಯಾಹ್ನದ ವೇಳೆಗೆ ಮುಚ್ಚಿಕೊಂಡು, ಮರುದಿನ ಮತ್ತೆ ಕಣ್ತೆರೆಯುತ್ತದೆ. ಆದ್ದರಿಂದಲೇ ಆದಿಜಲದಲ್ಲಿ ಅರಳಿದ ಹೂವಿನಿಂದ ಸೂರ್ಯನು ಹುಟ್ಟಿದನೆಂದು ಅವರು ಭಾವಿಸಿದರು. ನೆಫರ್ತೆಮನೆಂಬ ದೇವನ ತಲೆಯ ಮೇಲೆ ಆ ಹೂವನ್ನಿಟ್ಟರು. ಮೃತನು ಈ ಹೂವಾಗಿ ಮಾರ್ಪಡಲೆಂಬ ಮಂತ್ರವೂ ಅವರ ‘ಮೃತರ ಗ್ರಂಥ’ದಲ್ಲಿದೆ. ಹದಿಹರೆಯದಲ್ಲೇ ಮಡಿದ ಆ ದೊರೆಯ ಕೊರಳಿನ ಹೂಮಾಲೆಯಲ್ಲಿ ನೀಲ ನೈದಿಲೆಯ ಎಸಳುಗಳಿದ್ದವು. ಅವು ಅಲಂಕಾರ ಮಾತ್ರವಲ್ಲ, ನಾಳೆ ಬೆಳಗಾದೀತೆಂಬ ಪ್ರಾರ್ಥನೆ.

ನಮ್ಮ ತಾವರೆಯೂ ಸೂರ್ಯನಿಗೆ ಅರಳುವುದೇ. ಆದರೆ ನಮ್ಮ ಹಿರಿಯರ ದೃಷ್ಟಿ ಹೂವಿನಲ್ಲಿ ನಿಲ್ಲದೆ ಎಲೆಗೂ ಇಳಿಯಿತು. ತೈತ್ತಿರೀಯ ಬ್ರಾಹ್ಮಣದಲ್ಲಿ ಪ್ರಜಾಪತಿಯು ಆದಿಜಲದ ಮೇಲೆ ಕಾಣುವುದು ತಾವರೆಯ ಎಲೆಯನ್ನು. ಫಲದ ಆಸೆ ತೊರೆದು ಕರ್ಮ ಮಾಡುವವನಿಗೆ ಪಾಪ ಅಂಟದೆಂಬುದಕ್ಕೆ ಗೀತೆಯ ಐದನೆಯ ಅಧ್ಯಾಯವು ಕೊಡುವ ಹೋಲಿಕೆಯೂ ನೀರು ಅಂಟದ ಆ ಎಲೆಯೇ. ಕೆಸರಿನಲ್ಲಿ ಹುಟ್ಟಿಯೂ ಕೆಸರಾಗದ ಹೂವನ್ನು ಬೌದ್ಧರು ಬುದ್ಧನ ಪೀಠವಾಗಿಸಿದರು. ಎಲೆಯ ಮೇಲಿನ ಅತಿಸೂಕ್ಷ್ಮವಾದ ಉಬ್ಬುಗಳೂ ಮೇಣದ ಲೇಪವೂ ನೀರನ್ನು ಮುತ್ತಾಗಿಸಿ ಉರುಳಿಸುತ್ತವೆ, ಉರುಳುವ ಹನಿಯೊಡನೆ ಧೂಳೂ ಹೋಗುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಉಪಮೆ ಕಲ್ಪನೆಯಾಗಿರಲಿಲ್ಲ, ಕಣ್ಣಾರೆ ಕಂಡುದಾಗಿತ್ತು.

ಸತ್ತ ಮೇಲೆ ಮರಳುವುದು ಹೇಗೆಂದು ಈಜಿಪ್ಟಿನವರು ತಮ್ಮ ಹೂವನ್ನು ಕೇಳಿದರು. ನೀರಿನಲ್ಲಿದ್ದೂ ನೆನೆಯದೆ ಬಾಳುವುದು ಹೇಗೆಂದು ನಮ್ಮವರು ಕೇಳಿದರು. ಆದರೂ ಇಬ್ಬರ ಹಾದಿ ಒಮ್ಮೊಮ್ಮೆ ಸಮೀಪಿಸುತ್ತದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯ ಶಿಲ್ಪಕ್ಕೆ ತಲೆಯಿಲ್ಲ. ಆ ಸ್ಥಾನದಲ್ಲಿ ಅರಳಿದ ತಾವರೆಯಿದೆ. ಅಲ್ಲಿ ಹೂವಿನಿಂದ ಮುಖ, ಇಲ್ಲಿ ಮುಖವೇ ಹೂವು. ಒಬ್ಬರು ಇನ್ನೊಬ್ಬರಿಂದ ಕಡ ತಂದರೆಂದು ಇದಕ್ಕಾಗಿ ಹೇಳಬೇಕಾಗಿಲ್ಲ; ನೀರಿನ ದಡದಲ್ಲಿ ನಿಂತು ತಾಳ್ಮೆಯಿಂದ ನೋಡಿದವರು ಎರಡು ನಾಡುಗಳಲ್ಲೂ ಇದ್ದರು.

ತರಗತಿಯಲ್ಲಿ ‘ಪಂಕಜ’ ಶಬ್ದವನ್ನು ಬಿಡಿಸಿ ಹೇಳುವ ಉಪಾಧ್ಯಾಯರು ಒಮ್ಮೆ ಮಕ್ಕಳನ್ನು ತಾವರೆಗೆರೆಗೆ ಕರೆದೊಯ್ದು, ಎಲೆಯ ಮೇಲೆ ಒಂದು ಬೊಗಸೆ ನೀರೆರೆದು ತೋರಿಸಲಿ. ವ್ಯಾಖ್ಯಾನದ ಅರ್ಧ ಭಾಗವನ್ನು ಆ ಎಲೆಯೇ ಮುಗಿಸೀತು.