ಬ್ರಾಡ್‌ಬ್ಯಾಂಡ್ ಕೆಟ್ಟರೆ ದೂರು ಕೊಡುವ ಕ್ರಮ

ಸಾವನದುರ್ಗದ ತಪ್ಪಲಿನ ನಮ್ಮ ಸಂಘದ ಕಛೇರಿಯಲ್ಲಿ ಕಳೆದ ಮಳೆಗಾಲ ಬ್ರಾಡ್‌ಬ್ಯಾಂಡ್ 18 ದಿನ ಕೆಟ್ಟಿತ್ತು. ಅಡಿಕೆ ಧಾರಣೆ ತಿಳಿಯಲೂ ಮಾಗಡಿಗೆ ಹೋಗಬೇಕಾಯಿತು. ಕಂಪನಿಗೆ ಫೋನ್ ಮಾಡಿದಾಗಲೆಲ್ಲ “ನಾಳೆ ಬರುತ್ತಾರೆ” ಎಂಬ ಒಂದೇ ಉತ್ತರ. ಬಿಲ್ಲು ಮಾತ್ರ ತಪ್ಪದೆ ಬಂತು!

ನಮ್ಮದೂ ತಪ್ಪಿತ್ತು. ದೂರಿನ ಸಂಖ್ಯೆ ಬರೆದಿಟ್ಟಿರಲಿಲ್ಲವಾಗಿ ಮತ್ತೆ ಮೊದಲಿನಿಂದ ದೂರು ಕೊಡಬೇಕಾಯಿತು. ಟ್ರಾಯ್‌ನ 2012ರ ನಿಯಮದಂತೆ ಪ್ರತಿ ದೂರಿಗೂ ಕಂಪನಿ ಸಂಖ್ಯೆ ಕೊಡಲೇಬೇಕು. ಗಡುವಿನೊಳಗೆ ದುರಸ್ತಿಯಾಗದಿದ್ದರೆ, ಆ ಸಂಖ್ಯೆ ನಮೂದಿಸಿ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನವಾಗಬೇಕು.

ಮುಂದೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರಸಂಪರ್ಕದ ದೂರು ಅಲ್ಲಿ ನಡೆಯದೆಂಬ ವಾದವನ್ನು ಸುಪ್ರೀಂ ಕೋರ್ಟು 2022ರಲ್ಲಿ ತಳ್ಳಿಹಾಕಿತು. ಅರ್ಜಿ ಬರೆಯಲು ತಿಳಿಯದ ಸದಸ್ಯರು ಬಿಲ್ಲು ಮತ್ತು ದೂರಿನ ಸಂಖ್ಯೆಯೊಂದಿಗೆ ಸಂಘದ ಕಛೇರಿಗೆ ಬರಬೇಕಾಗಿ ಕೋರುತ್ತೇವೆ.