ತೋಟದ ಹೊಂಡದಲ್ಲಿ ಬಣ್ಣದ ಗೆಂಡೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಾರರ ಬದುಕು ಕೊಬ್ಬರಿ ಬೆಲೆಯ ಏರಿಳಿತಕ್ಕೆ ಕಟ್ಟುಬಿದ್ದಿದೆ. ಅಲಂಕಾರಕ್ಕೆಂದು ಸಾಕುವ ಕೋಯಿ ಮೀನಿನ ಸಾಕಣೆ ಅವರಿಗೆ ಒಳ್ಳೆಯ ಉಪಕಸುಬಾಗಬಲ್ಲದು. ಆದರೆ ದುಬಾರಿ ಮೀನು ಕೊಳ್ಳುವ ಮೊದಲು ಮರಿ ಆರಿಸುವ ಕಣ್ಣು ಪಳಗಬೇಕು. ಕೋಯಿ ನಮ್ಮ ಕೆರೆಗಳ ಸಾಮಾನ್ಯ ಗೆಂಡೆಯ ಬಳಗದ್ದೇ. ಜಪಾನಿನ ನೀಗಾತದ ಭತ್ತದ ರೈತರು ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ ಬಣ್ಣದವನ್ನು ಆರಿಸಿ ಆರಿಸಿ 19ನೇ ಶತಮಾನದಲ್ಲಿ ಈ ತಳಿ ರೂಪಿಸಿದರು. 1914ರ ಟೋಕಿಯೊ ಪ್ರದರ್ಶನ ಅದನ್ನು ನೀಗಾತದ ಹೊರಗೆ ಪರಿಚಯಿಸಿತು. ಒಂದು ಕಿಲೊ ತೂಗುವ ಹೆಣ್ಣು ಸುಮಾರು 1 ಲಕ್ಷ ಮೊಟ್ಟೆ ಇಡುತ್ತದೆ. ಅಂಟು ಮೊಟ್ಟೆಗಳು ನೆನೆಸಿ ತೊಳೆದ ತೆಂಗಿನ ನಾರಿಗೆ ಹತ್ತಿಕೊಳ್ಳುತ್ತವೆ. ದೊಡ್ಡ ಮೀನುಗಳು ಅವನ್ನು ತಿನ್ನುವುದರಿಂದ ಕೂಡಲೇ ಬೇರ್ಪಡಿಸಬೇಕು. ಬೆಚ್ಚಗಿನ ನೀರಲ್ಲಿ ಎರಡು ಮೂರು ದಿನಕ್ಕೆ ಮರಿಯಾಗುತ್ತವೆ. ಆದರೆ ಒಳ್ಳೆಯ ಬಣ್ಣ, ವಿನ್ಯಾಸ ಬರುವುದು ಕೆಲವಕ್ಕೆ ಮಾತ್ರ. ಮತ್ತೆ ಮತ್ತೆ ಆರಿಸುವವನಿಗೇ ಬೆಲೆ ಸಿಗುತ್ತದೆ.

ಕೊಳವೆಬಾವಿ ಬತ್ತುವ ನಾಡಿನಲ್ಲಿ ಮೀನಿಗೆ ನೀರೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೊಸದಾಗಿ ನೀರೆತ್ತಿ ಹೊಂಡ ತುಂಬಿಸುವುದಾದರೆ ಈ ಕಸುಬು ಬೇಡ. ತೋಟಕ್ಕೆಂದೇ ಕೃಷಿ ಹೊಂಡದಲ್ಲಿ ನಿಲ್ಲಿಸಿದ ನೀರು ಮೊದಲು ಮೀನು ಸಾಕಿ ಆಮೇಲೆ ತೆಂಗಿನ ಬುಡಕ್ಕೆ ಹರಿದರೆ ನಷ್ಟವಿಲ್ಲ. ಮೀನಿನ ಹಿಕ್ಕೆಯ ಸಾರಜನಕ ಗಿಡಕ್ಕೆ ಗೊಬ್ಬರ. ಹೊಂಡದ ನೀರು ಕೊಳವೆಬಾವಿಯದ್ದಾದರೆ ಅದರಲ್ಲಿ ಆಮ್ಲಜನಕ ಕಡಿಮೆ, ಗಾಳಿಯಾಡಿಸಿಯೇ ಬಿಡಬೇಕು. ಮಾರಾಟವಾಗದ ಮರಿಗಳ ಗತಿಯೇನು ಎನ್ನುವವರಿಗೂ ಉತ್ತರವಿದೆ: ಗೆಂಡೆಯಾದ್ದರಿಂದ ಬೆಳೆಸಿ ತಿನ್ನಬಹುದು, ಕೆರೆಗೆ ಮಾತ್ರ ಬಿಡಬಾರದು. ಮೊದಲು ಕಣ್ಣು ಪಳಗಬೇಕಾದ್ದರಿಂದ ಒಂದು ಜೋಡಿ, ಒಂದು ಹೊಂಡದಿಂದ ಶುರುಮಾಡುವುದೇ ಜಾಣತನ.