ಒಂದು ದಿನಕ್ಕೆ 274 ವರ್ಷ

ಗೇಟಿನ ಮೇಲಿನ ಸಿಸಿಟಿವಿ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಹಿಡಿಯುತ್ತದೆ ಅಂದರೆ ದಿನಕ್ಕೆ 21 ಲಕ್ಷ 60 ಸಾವಿರ ಚಿತ್ರವಾಯಿತು. ಹಾಲಿನವನು ಪ್ಯಾಕೆಟ್ ಇಟ್ಟುಹೋದದ್ದು, ಎದುರುಮನೆಯವರು ಸ್ಕೂಟರ್ ಹೊರಗೆ ತಳ್ಳಿದ್ದು, ಬೀದಿನಾಯಿ ಮಗ್ಗುಲು ಬದಲಿಸಿದ್ದು, ಎಲ್ಲವೂ ಅದರಲ್ಲಿ ದಾಖಲು.

ಮನೆ, ಅಂಗಡಿ, ಅಪಾರ್ಟ್‌ಮೆಂಟುಗಳ ಇಂಥ ಖಾಸಗಿ ಕ್ಯಾಮೆರಾಗಳು ಎಲ್ಲೆಲ್ಲಿವೆ ಎಂದು ಬೆಂಗಳೂರು ಪೊಲೀಸರು ನಕ್ಷೆಯಲ್ಲಿ ಗುರುತು ಹಾಕಿಕೊಂಡಿದ್ದಾರೆ. ಲೆಕ್ಕ ಲಕ್ಷ ದಾಟಿದೆ. ಬರೀ ಒಂದು ಲಕ್ಷ ಅಂತಲೇ ಹಿಡಿಯಿರಿ: ದಿನವೊಂದಕ್ಕೆ 24 ಲಕ್ಷ ಗಂಟೆಯ ದೃಶ್ಯ. ಊಟ, ನಿದ್ದೆ ಬಿಟ್ಟು ಒಬ್ಬನೇ ನೋಡುತ್ತಾ ಕೂತರೆ 274 ವರ್ಷ ಬೇಕು. ಹೈದರ್ ಅಲಿ ಮೈಸೂರಿನ ಅಧಿಕಾರ ಹಿಡಿಯುವುದಕ್ಕೂ ಮುಂಚೆ ನೋಡತೊಡಗಿದ್ದರೆ ಒಂದೇ ಒಂದು ದಿನದ ಫುಟೇಜ್ ಈಗ ಮುಗಿಯುವ ಹೊತ್ತು!

ಇಷ್ಟೆಲ್ಲ ಕಂಡ ಯಂತ್ರಕ್ಕೆ ನೆನಪು ಮಾತ್ರ ತೀರಾ ಕಮ್ಮಿ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡುವ ಕ್ಯಾಮೆರಾ ದಿನಕ್ಕೆ 21.6 ಜಿಬಿ ನುಂಗುತ್ತದೆ. ಮನೆಗೆ ನಾಲ್ಕು ಕ್ಯಾಮೆರಾ, ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್ ಇದ್ದರೆ ಹನ್ನೊಂದೂವರೆ ದಿನಕ್ಕೆ ಭರ್ತಿ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಸಿಕೊಳ್ಳುತ್ತಾ ಹೋಗುತ್ತದೆ. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳು 30 ದಿನದ ಫುಟೇಜ್ ಉಳಿಸಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮನೆಗಳಿಗೆ ಆ ಕಟ್ಟುಪಾಡಿಲ್ಲ. ಬೀದಿಯಲ್ಲಿ ಕಿರುಕುಳಕ್ಕೆ ಸಿಕ್ಕಿ, ಹೆದರಿ ಮೂರು ವಾರ ಸುಮ್ಮನಿದ್ದು ಆಮೇಲೆ ಧೈರ್ಯ ಮಾಡಿ ಠಾಣೆಗೆ ಹೋದ ಹೆಣ್ಣುಮಗಳಿಗೆ ಬೀದಿಯ ಸಾಕ್ಷಿ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ನನ್ನನ್ನು ಕಾಡುವುದು ಇದೇ.

2017ರ ಜನವರಿ 1ರ ನಸುಕು, ಬೆಂಗಳೂರಿನ ಕಮ್ಮನಹಳ್ಳಿ. ಮನೆ ಕಡೆ ನಡೆದು ಹೋಗುತ್ತಿದ್ದ ಯುವತಿಯ ಮೇಲೆ ಸ್ಕೂಟರಿನಲ್ಲಿ ಬಂದವರು ಎರಗಿದರು. ಆ ಬೀದಿಯ ಮನೆಯೊಂದರ ಕ್ಯಾಮೆರಾದಲ್ಲಿ ಅದು ಸೆರೆಯಾಗಿತ್ತು. ಆ ದೃಶ್ಯ ಪೊಲೀಸರ ಕೈ ಸೇರಿತು. ವಾರ ತುಂಬುವುದರೊಳಗೆ ಬಂಧನಗಳಾದವು. ಊರೆಲ್ಲ ಹಬ್ಬ ಮಾಡಿದ ರಾತ್ರಿಯ ಲೆಕ್ಕವಿಲ್ಲದಷ್ಟು ಗಂಟೆಗಳ ಫುಟೇಜಿನಲ್ಲಿ ಕೆಲಸಕ್ಕೆ ಬಂದದ್ದು ಆ ಒಂದು ಮನೆಯ ಕೆಲವು ಕ್ಷಣ.

ಪೆನ್‌ಡ್ರೈವ್‌ಗೆ ಅಂಥ ದೃಶ್ಯ ಕಾಪಿ ಮಾಡಿ ಪೊಲೀಸರಿಗೆ ಕೊಟ್ಟರೆ ಮುಗಿಯಿತೇ? ಇಲ್ಲ. ಡಿವಿಆರ್ ಗಡಿಯಾರ ದಿನಕ್ಕೆ 2 ಸೆಕೆಂಡ್ ಮುಂದೆ ಓಡಿದರೂ ವರ್ಷಕ್ಕೆ 12 ನಿಮಿಷ ತಪ್ಪುತ್ತದೆ. ಆರೋಪಿ ತಾನು ಬೇರೆಲ್ಲೋ ಇದ್ದೆ ಎನ್ನಲು ಅಷ್ಟು ಸಾಕು, ಅದಕ್ಕೇ ಆ ವ್ಯತ್ಯಾಸವನ್ನು ಬರೆದಿಡಬೇಕು. ಜತೆಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ವಿಡಿಯೊ ಕಡತದ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ ನಮೂದಿಸಬೇಕು. ಎಸ್‌ಎಚ್‌ಎ256 ವಿಧಾನದಲ್ಲಿ ಅದು 64 ಅಕ್ಷರ, ಅಂಕಿಗಳ ಒಂದು ಸಾಲು. ವಿಡಿಯೊದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಾಲು ಪೂರಾ ಬೇರೆಯಾಗುತ್ತದೆ. ಇಂಥ ಸಾಲುಗಳು ಒಟ್ಟು ಎಷ್ಟಿರಬಹುದು ಎಂದು ಬರೆಯಹೊರಟರೆ ಆ ಸಂಖ್ಯೆಗೇ 78 ಅಂಕಿ ಬೇಕು. ಆ ಪ್ರಮಾಣಪತ್ರಕ್ಕೆ ತಜ್ಞರದೊಂದು ಸಹಿ. ಇನ್ನೊಂದು ಸಹಿ ಆ ಯಂತ್ರದ ಉಸ್ತುವಾರಿ ಇದ್ದವರದು, ಅಂದರೆ ಗೇಟಿಗೆ ಕ್ಯಾಮೆರಾ ಹಾಕಿಸಿದ ಮನೆಯವರದು.